ಮೊಗಿಲಿನೊ ಪ್ರಕರಣ: ಕ್ಯಾಮೆರಾ ಮುಂದೆ ಮಕ್ಕಳು, ಕ್ಯಾಮೆರಾದಾಚೆ ಅಮ್ಮಂದಿರು

ಮೊಗಿಲಿನೊ ಒಂದು ಪುಟ್ಟ ಹಳ್ಳಿ. ಬಲ್ಗೇರಿಯಾದ ಉತ್ತರ ಭಾಗದಲ್ಲಿ, ಡ್ಯಾನ್ಯೂಬ್ ನದಿ ಹರಿಯುವ ರೂಸೆ ಪ್ರಾಂತ್ಯದಲ್ಲಿದೆ. 2007ರ ಸೆಪ್ಟೆಂಬರ್‌ವರೆಗೆ ಆ ಹೆಸರನ್ನು ಹೊರಗಿನವರು ಕೇಳಿಯೇ ಇರಲಿಲ್ಲ. ಆ ತಿಂಗಳು ಬಿಬಿಸಿ ಫೋರ್ ಚಾನೆಲ್‌ನಲ್ಲಿ ಒಂದು ಸಾಕ್ಷ್ಯಚಿತ್ರ ಪ್ರಸಾರವಾಯಿತು. ಹೆಸರು ‘ಬಲ್ಗೇರಿಯಾಸ್ ಅಬ್ಯಾಂಡನ್ಡ್ ಚಿಲ್ಡ್ರನ್’. ಅಂದರೆ ಬಲ್ಗೇರಿಯಾದಲ್ಲಿ ಹೆತ್ತವರು ಬಿಟ್ಟುಹೋದ ಮಕ್ಕಳು.

ನಿರ್ದೇಶಕಿ ಕೇಟ್ ಬ್ಲೂಎಟ್. ಆ ಹಳ್ಳಿಯಲ್ಲಿದ್ದ ಮಕ್ಕಳ ನಿಲಯದಲ್ಲಿ ಅವರು ಒಂಬತ್ತು ತಿಂಗಳ ಅವಧಿಯಲ್ಲಿ ಚಿತ್ರೀಕರಣ ಮಾಡಿದ್ದರು. ಅಲ್ಲಿ 75 ಮಕ್ಕಳಿದ್ದರು. ಎಲ್ಲರನ್ನೂ ಅಂಗವಿಕಲರು ಎಂದು ಗುರುತಿಸಿ ಅಲ್ಲಿಗೆ ಸೇರಿಸಲಾಗಿತ್ತು. ಚಿತ್ರ ಬಂದು ಎರಡು ವರ್ಷಕ್ಕೆ ಆ ನಿಲಯ ಮುಚ್ಚಿತು. ಮೂರನೇ ವರ್ಷ ಸರ್ಕಾರ ದೇಶದ ಎಲ್ಲ ಹಳೆಯ ನಿಲಯಗಳನ್ನೂ ಮುಚ್ಚುವ ಯೋಜನೆ ಒಪ್ಪಿಕೊಂಡಿತು.

ಸಾಕ್ಷ್ಯಚಿತ್ರದಿಂದ ಏನು ಸಾಧ್ಯ ಅಂತ ಯಾರಾದರೂ ಕೇಳಿದರೆ ಈ ಉದಾಹರಣೆ ಬಂದೇ ಬರುತ್ತದೆ. ಬರಲೂಬೇಕು. ಆದರೆ ಮುಂದಿನ ಹತ್ತು ಹನ್ನೆರಡು ವರ್ಷ ಏನಾಯಿತು ಅಂತ ನೋಡಿದರೆ ಗೆಲುವಿನ ಬಣ್ಣ ಸ್ವಲ್ಪ ಮಾಸುತ್ತದೆ. ಚಿತ್ರ ಯಾವುದನ್ನು ತೋರಿಸಿತೋ ಅದು ಬದಲಾಯಿತು. ಯಾವುದನ್ನು ತೋರಿಸಲಿಲ್ಲವೋ ಅದು ಬಹಳ ಕಾಲ ಹಾಗೇ ಉಳಿಯಿತು. ಆ ನಿಲಯಕ್ಕಿಂತ, ಏನನ್ನು ತೋರಿಸಬೇಕು ಏನನ್ನು ಬಿಡಬೇಕು ಅನ್ನುವ ಕ್ಯಾಮೆರಾದ ಚೌಕಟ್ಟಿನ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಕಾಗದಗಳು ಮೊದಲೇ ಇದ್ದವು

ಚಿತ್ರ ಬರುವ ತನಕ ಯಾರಿಗೂ ಏನೂ ಗೊತ್ತಿರಲಿಲ್ಲ ಅಂದುಕೊಂಡರೆ ತಪ್ಪು. ಗೊತ್ತಿತ್ತು. ತುಂಬಾ ಜನಕ್ಕೆ ಗೊತ್ತಿತ್ತು.

ಹತ್ತು ವರ್ಷ ಹಿಂದಕ್ಕೆ ಹೋಗೋಣ. 1996–97ರ ಚಳಿಗಾಲ. ಬಲ್ಗೇರಿಯಾದ ಆರ್ಥಿಕ ವ್ಯವಸ್ಥೆ ಕುಸಿದುಬಿದ್ದಿತ್ತು. ಬೆಲೆಗಳು ಹುಚ್ಚಾಪಟ್ಟೆ ಏರುತ್ತಿದ್ದವು. ಜೂರ್ಕೊವೊ ಎಂಬ ಬೆಟ್ಟದ ಹಳ್ಳಿಯಲ್ಲಿ ಮೊಗಿಲಿನೊದಂಥದ್ದೇ ಇನ್ನೊಂದು ನಿಲಯವಿತ್ತು. ಅಲ್ಲಿ ಹೀಟಿಂಗ್ ಹಾಕುತ್ತಿದ್ದದ್ದು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ. ಊಟ ಸಾಲುತ್ತಿರಲಿಲ್ಲ, ಔಷಧಿ ಇರಲಿಲ್ಲ. ಡಿಸೆಂಬರ್ 1996ರಿಂದ ಮಾರ್ಚ್ 1997ರೊಳಗೆ 15 ಮಕ್ಕಳು ಮತ್ತು ಎಳೆವಯಸ್ಸಿನವರು ಸತ್ತರು. ಒಬ್ಬರಾದ ಮೇಲೆ ಒಬ್ಬರು, ನಾಲ್ಕು ತಿಂಗಳಲ್ಲಿ.

ನಿಲಯದ ಮುಖ್ಯಸ್ಥರು ಸುಮ್ಮನೆ ಕೂತಿರಲಿಲ್ಲ. ಮೇಲಿನವರಿಗೆ ಮತ್ತೆ ಮತ್ತೆ ತಿಳಿಸಿದ್ದರು. ಮಕ್ಕಳ ಜೀವಕ್ಕೆ ಅಪಾಯವಿದೆ ಅನ್ನುವುದು ರಾಜಧಾನಿಯವರೆಗೂ ತಲುಪಿತ್ತು. ಆಮೇಲೆ ಕಟಕಟೆ ಹತ್ತಿದ್ದು ಮಾತ್ರ ನಿಲಯದ ಮೂವರು ಸಿಬ್ಬಂದಿ. ಅವರು ಖುಲಾಸೆಯಾದರು. ಪ್ರಕರಣ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. ಗೊತ್ತಿದ್ದೂ ಸರ್ಕಾರ ಆ ಮಕ್ಕಳ ಜೀವ ಕಾಪಾಡಲಿಲ್ಲ ಅಂತ ತೀರ್ಪು ಬಂದಿದ್ದು 2013ರ ಜೂನ್‌ನಲ್ಲಿ. ಹದಿನಾರು ವರ್ಷ ಕಳೆದ ಮೇಲೆ.

2002ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೂಡ ಬಲ್ಗೇರಿಯಾದ ಇಂಥ ನಿಲಯಗಳ ಬಗ್ಗೆ ದೊಡ್ಡ ವರದಿ ಪ್ರಕಟಿಸಿತ್ತು. ಊರಿಂದ ದೂರ, ಜನರ ಕಣ್ಣಿಗೆ ಬೀಳದ ಹಾಗೆ ಇವುಗಳನ್ನು ಇಟ್ಟಿದ್ದಾರೆ ಅನ್ನುವುದೇ ಅದರ ಮುಖ್ಯ ದೂರು. ಮೊಗಿಲಿನೊಗೂ ಆ ಮಾತು ಹೊಂದುತ್ತಿತ್ತು. ರಾಜಧಾನಿ ಸೋಫಿಯಾದಿಂದ ನೂರಾರು ಕಿಲೋಮೀಟರ್ ದೂರ. ಮಗುವನ್ನು ನೋಡಿ ಬರೋಣ ಅಂತ ಹೊರಟ ತಾಯಿಗೆ ಬಸ್ಸು ಬದಲಾಯಿಸುವುದರಲ್ಲೇ ದಿನ ಮುಗಿಯುವಷ್ಟು ದೂರ. ಇಂಥ ಹಳ್ಳಿಗಳಲ್ಲಿ ನಿಲಯವೇ ಊರಿನವರಿಗೆ ದೊಡ್ಡ ಕೆಲಸದ ಜಾಗ. ಅದನ್ನು ಮುಚ್ಚಿ ಅನ್ನುವುದಕ್ಕೆ ಸ್ಥಳೀಯರಲ್ಲಿ ಯಾರಿಗೂ ಮನಸ್ಸಿರುವುದಿಲ್ಲ.

ಅಂದರೆ ಪತ್ರಗಳಿದ್ದವು, ವರದಿಗಳಿದ್ದವು, ಸಾವುಗಳೂ ಆಗಿದ್ದವು. ಇಷ್ಟಾದರೂ ಏನೂ ಅಲುಗಾಡಿರಲಿಲ್ಲ. ಒಂದೂವರೆ ಗಂಟೆಯ ಸಿನಿಮಾ ಅಲುಗಾಡಿಸಿತು. ಅದು ಹೇಗೆ?

ಚಮಚದ ಲೆಕ್ಕ

ಬ್ಲೂಎಟ್‌ಗೆ ಈ ವಿಷಯ ಹೊಸದಲ್ಲ. 1995ರಲ್ಲಿ ಬ್ರಯಾನ್ ವುಡ್ಸ್ ಜೊತೆ ಸೇರಿ ಅವರು ಚೀನಾದ ಅನಾಥಾಲಯಗಳ ಒಳಗೆ ಗುಟ್ಟಾಗಿ ಚಿತ್ರೀಕರಿಸಿದ್ದರು. ಆ ಚಿತ್ರ ದೊಡ್ಡ ಗದ್ದಲ ಎಬ್ಬಿಸಿತ್ತು. ಗುಪ್ತ ಕ್ಯಾಮೆರಾದ ಕಷ್ಟ ಒಂದೇ. ಒಳಗೆ ಹೋಗಿ, ಸಿಕ್ಕಷ್ಟು ತೆಗೆದು, ಓಡಿ ಬರಬೇಕು. ಮೊಗಿಲಿನೊದಲ್ಲಿ ಅವರಿಗೆ ಒಳಗೆ ಹೋಗಲು ಅನುಮತಿ ಇತ್ತು. ಒಂಬತ್ತು ತಿಂಗಳ ಕಾಲ ಹೋಗಿ ಬಂದು ನೋಡಿದರು. ಹಾಗಾಗಿ ಚಿತ್ರದಲ್ಲಿ ಬೆಚ್ಚಿಬೀಳಿಸುವ ಒಂದು ಕ್ಷಣಕ್ಕಿಂತ, ನಿಧಾನವಾಗಿ ಆಗುವ ಸವೆತ ಕಾಣುತ್ತದೆ.

ನಿಮಗೆ ಮೊದಲು ತಟ್ಟುವುದು ಅಲ್ಲಿನ ಮೌನ. 75 ಮಕ್ಕಳಿರುವ ಮನೆ ಹೇಗಿರಬೇಕು? ಗಲಾಟೆ, ಅಳು, ಜಗಳ, ನಗು. ಇಲ್ಲಿ ಅದ್ಯಾವುದೂ ಇಲ್ಲ. ಬೆಂಚಿನ ಮೇಲೆ ಸಾಲಾಗಿ ಕೂತ ಮಕ್ಕಳು ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತಾರೆ. ಯಾರೂ ಮಾತಾಡಿಸದ, ಯಾರೂ ಎತ್ತಿಕೊಳ್ಳದ ಮಗು ತನ್ನನ್ನು ತಾನೇ ತೂಗಿಕೊಳ್ಳುತ್ತದೆ. ತೊಟ್ಟಿಲು ತೂಗುವವರು ಇಲ್ಲದಿದ್ದರೆ ಮಗುವೇ ತೊಟ್ಟಿಲಾಗಬೇಕು, ಅಷ್ಟೇ.

ಒಬ್ಬ ಹುಡುಗಿಯನ್ನು ಚಿತ್ರ ಹಿಂಬಾಲಿಸುತ್ತದೆ. ಅಲ್ಲಿಗೆ ಬಂದು ಜಾಸ್ತಿ ದಿನ ಆಗಿಲ್ಲ. ಅವಳಿಗೆ ಮಾತು ಬರುತ್ತದೆ, ಮಾತಾಡುವ ಆಸೆಯೂ ಇದೆ. ಎದುರು ಮಾತಾಡುವವರು ಯಾರೂ ಇಲ್ಲ. ತಿಂಗಳುಗಳು ಉರುಳುತ್ತವೆ. ಅವಳೂ ತೂಗಲು ಶುರು ಮಾಡುತ್ತಾಳೆ. ಇದನ್ನು ಯಾವ ವರದಿಯಲ್ಲಿ ಬರೆದರೂ ‘ಭಾಷಾ ಸಾಮರ್ಥ್ಯ ಕುಂಠಿತ’ ಎಂಬ ಒಂದು ಸಾಲಾಗುತ್ತಿತ್ತು. ಪರದೆ ಮೇಲೆ ಅದು ಒಬ್ಬಳು ಹುಡುಗಿ ನಮ್ಮ ಕಣ್ಣೆದುರೇ ಕಳೆದುಹೋಗುವುದು. ಈ ಮಗು ಹೀಗೇ ಹುಟ್ಟಿದ್ದು ಅನ್ನುವ ಸಮಜಾಯಿಷಿ ಅಲ್ಲಿಗೆ ಮುಗಿಯಿತು. ನಿಲಯವೇ ಮಗುವನ್ನು ಹಾಗೆ ಮಾಡುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇನ್ನು ಊಟ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನುಂಗಲು ಕಷ್ಟಪಡುವ ಮಗುವಿಗೆ ಸರಿಯಾಗಿ ಊಟ ಮಾಡಿಸುವುದು ಸುಲಭದ ಕೆಲಸವಲ್ಲ. ನೆಟ್ಟಗೆ ಕೂರಿಸಬೇಕು. ತಲೆಗೆ ಆಸರೆ ಕೊಡಬೇಕು. ಸಣ್ಣ ತುತ್ತು ಇಟ್ಟು, ನುಂಗಿತಾ ಅಂತ ನೋಡಿ, ಆಮೇಲೆ ಇನ್ನೊಂದು ತುತ್ತು. ಒಂದು ಊಟಕ್ಕೆ ಅರ್ಧ ಗಂಟೆಯಾದರೂ ಬೇಕು. ಒಬ್ಬ ಸಹಾಯಕಿಯ ಪಾಲಿಗೆ ಇಂಥ ಹತ್ತು ಮಕ್ಕಳಿದ್ದರೆ ಒಂದು ಹೊತ್ತಿಗೆ ಐದು ಗಂಟೆ. ಮೂರು ಹೊತ್ತಿಗೆ ಹದಿನೈದು ಗಂಟೆ. ಬಟ್ಟೆ ಬದಲಾಯಿಸುವುದು, ಒರೆಸುವುದು, ಒಗೆಯುವುದು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಹಾಗಾಗಿ ಏನಾಗುತ್ತದೆ? ತುತ್ತು ದೊಡ್ಡದಾಗುತ್ತದೆ, ಚಮಚ ವೇಗವಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ರುಬ್ಬಿ ಗಂಜಿ ಮಾಡುತ್ತಾರೆ. ಮಲಗಿದ್ದಲ್ಲೇ ಬಾಯಿಗೆ ಸುರಿಯುತ್ತಾರೆ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು, ನ್ಯುಮೋನಿಯಾ. ಇಲ್ಲವೇ ಅರ್ಧ ಹೊಟ್ಟೆ, ವರ್ಷಗಟ್ಟಲೆ ಅರ್ಧ ಹೊಟ್ಟೆ. ಹಾಸಿಗೆ ಬಿಟ್ಟು ಏಳದ, ಬಿಸಿಲು ಕಾಣದ, ಸರಿಯಾಗಿ ಉಣ್ಣದ ಮಗುವಿನ ಮೂಳೆ ತೆಳ್ಳಗಾಗಿ, ಮಗ್ಗುಲು ಬದಲಾಯಿಸುವಾಗಲೂ ಮುರಿಯಬಹುದು. ಇಷ್ಟಕ್ಕೆಲ್ಲ ಯಾರೂ ರಾಕ್ಷಸರಾಗಬೇಕಿಲ್ಲ. ಕೆಲಸದ ಲೆಕ್ಕ ತಪ್ಪಿದರೆ ಸಾಕು. ಚಿತ್ರ ನೋಡಿದ ಬಹಳ ಜನ ಆ ಹಳ್ಳಿಯ ಹೆಂಗಸರ ಮೇಲೆ ಕೋಪ ಮಾಡಿಕೊಂಡರು. ಸಹಜವೇ. ಆದರೆ ಪರದೆ ಮೇಲೆ ಕಾಣುವುದು ಚಮಚ ಹಿಡಿದ ಕೈ. ಸಿಬ್ಬಂದಿಯ ಸಂಖ್ಯೆ ನಿಗದಿ ಮಾಡಿದ ಕೈ ಅಲ್ಲೆಲ್ಲೂ ಇಲ್ಲ.

ಒಂದು ವರ್ಷದ ಹಿಂದೆ ಬಂದಿದ್ದರೆ

ಚಿತ್ರದ ಸಮಯವೂ ಕೆಲಸ ಮಾಡಿತು. ಬಲ್ಗೇರಿಯಾ ಯೂರೋಪಿಯನ್ ಒಕ್ಕೂಟ ಸೇರಿದ್ದು 2007ರ ಜನವರಿ 1ರಂದು. ಒಂಬತ್ತು ತಿಂಗಳಿಗೆ ಚಿತ್ರ ಬಂತು. ಇದು ಇನ್ನೆಲ್ಲೋ ದೂರದ ಕಥೆ ಅಂತ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಹೇಳುವಂತಿರಲಿಲ್ಲ. ತನ್ನದೇ ಒಕ್ಕೂಟದ ಹೊಸ ಮನೆಯೊಳಗಿನ ಕೋಣೆ ಅದು. ಒಂದು ವರ್ಷ ಮೊದಲೇ ಬಂದಿದ್ದರೆ ಇಷ್ಟು ಬಿಸಿ ತಟ್ಟುತ್ತಿತ್ತೋ ಇಲ್ಲವೋ. ನನಗೆ ಅನುಮಾನ.

ಅದೇ ಹೊತ್ತಿಗೆ ಕಾನೂನಿನ ದಾರಿಯೂ ತೆರೆದಿತ್ತು. ಮಾನಸಿಕ ವೈಕಲ್ಯವುಳ್ಳವರ ಹಕ್ಕಿಗಾಗಿ ದುಡಿಯುವ ಒಂದು ಸಂಸ್ಥೆ ಸಾಮಾಜಿಕ ಹಕ್ಕುಗಳ ಯೂರೋಪಿಯನ್ ಸಮಿತಿಗೆ ಬಲ್ಗೇರಿಯಾದ ವಿರುದ್ಧ ದೂರು ಕೊಟ್ಟಿತ್ತು. ದೂರು ಒಂದೇ ವಿಷಯಕ್ಕೆ: ಈ ನಿಲಯಗಳ ಮಕ್ಕಳಿಗೆ ಶಾಲೆ ಇಲ್ಲ. 2008ರ ಜೂನ್‌ನಲ್ಲಿ ಸಮಿತಿ ಅದನ್ನು ಎತ್ತಿಹಿಡಿಯಿತು. ಈ ನಿಲಯಗಳ ಮಕ್ಕಳಲ್ಲಿ ಸಾಮಾನ್ಯ ಶಾಲೆಗೆ ಹೋಗುತ್ತಿದ್ದವರು ಶೇ. 2.8 ಮಾತ್ರ. ವಿಶೇಷ ತರಗತಿಗಳಿಗೆ ಹೋಗುತ್ತಿದ್ದವರು ಶೇ. 3.4. ಸಿನಿಮಾದಲ್ಲಿ ಒಬ್ಬ ಹುಡುಗಿ ಮಾತು ಮರೆತದ್ದನ್ನು ನೋಡಿದವರಿಗೆ ಈ ಅಂಕಿಗಳ ಅರ್ಥವೇನು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಿತ್ರ ಒಂದೇ ಇದ್ದಿದ್ದರೆ ನಾಲ್ಕು ದಿನದ ಸುದ್ದಿ. ತೀರ್ಪು ಒಂದೇ ಇದ್ದಿದ್ದರೆ ಕಪಾಟಿನ ಕಡತ. ಎರಡೂ ಒಟ್ಟಿಗೆ ಬಂದವು.

2009ರಲ್ಲಿ ಬ್ಲೂಎಟ್ ಮತ್ತೆ ಅದೇ ಮಕ್ಕಳನ್ನು ಹುಡುಕಿಕೊಂಡು ಹೋಗಿ ಎರಡನೇ ಚಿತ್ರ ಮಾಡಿದರು. ಅದೇ ವರ್ಷ ಮೊಗಿಲಿನೊ ನಿಲಯಕ್ಕೆ ಬೀಗ ಬಿತ್ತು. 2010ರ ಫೆಬ್ರವರಿಯಲ್ಲಿ ಸರ್ಕಾರ ರಾಷ್ಟ್ರೀಯ ಯೋಜನೆ ಒಪ್ಪಿಕೊಂಡಿತು: 137 ನಿಲಯಗಳು, 7,587 ಮಕ್ಕಳು, 15 ವರ್ಷದ ಗಡುವು. ಹಣದ ದೊಡ್ಡ ಪಾಲು ಯೂರೋಪಿಯನ್ ಒಕ್ಕೂಟದ ನಿಧಿಯಿಂದ.

ಅದೇ 2010ರಲ್ಲಿ ಇನ್ನೊಂದು ಕೆಲಸವಾಯಿತು. ಬಲ್ಗೇರಿಯನ್ ಹೆಲ್ಸಿಂಕಿ ಕಮಿಟಿ ಎಂಬ ಮಾನವ ಹಕ್ಕು ಸಂಸ್ಥೆ, ಸರ್ಕಾರಿ ಅಭಿಯೋಜಕರ ಜೊತೆ ಸೇರಿ, ಅಂಗವಿಕಲ ಮಕ್ಕಳ ನಿಲಯಗಳಿಗೆ ಹೋಗಿ ಸಾವಿನ ದಾಖಲೆಗಳನ್ನು ತೆರೆದು ನೋಡಿತು. ಹತ್ತು ವರ್ಷದಲ್ಲಿ 238 ಸಾವು. ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲನ್ನು ತಪ್ಪಿಸಬಹುದಿತ್ತು ಅಂತ ಅದು ಹೇಳಿತು. ಹಸಿವಿನಿಂದಲೇ ಸತ್ತವರೂ ಆ ಪಟ್ಟಿಯಲ್ಲಿದ್ದರು. ಮೊಗಿಲಿನೊ ಎಲ್ಲೋ ಒಂದು ಕೆಟ್ಟ ಉದಾಹರಣೆ ಎಂಬ ವಾದ ಇದರ ಮುಂದೆ ನಿಲ್ಲಲಿಲ್ಲ.

ಅನಾಥ ಅಂದರೆ ಯಾರು?

ಇಲ್ಲಿಂದ ವಿಷಯ ತೊಡಕಾಗುತ್ತದೆ.

ಮೊಗಿಲಿನೊದಂಥ ನಿಲಯಗಳಲ್ಲಿದ್ದ ಮಕ್ಕಳಲ್ಲಿ ನಿಜವಾದ ಅನಾಥರು ಬಹಳ ಕಡಿಮೆ. ಅಪ್ಪನೋ ಅಮ್ಮನೋ, ಎಷ್ಟೋ ಸಲ ಇಬ್ಬರೂ, ಎಲ್ಲೋ ಬದುಕಿದ್ದರು. ಇದು ಬಲ್ಗೇರಿಯಾದ ವಿಶೇಷವೇನೂ ಅಲ್ಲ. ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಹೇಳಿದ ಪ್ರಕಾರ, ಜಗತ್ತಿನಾದ್ಯಂತ ಇಂಥ ನಿಲಯಗಳಲ್ಲಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಇದ್ದಾರೆ. ಅನಾಥಾಲಯ ಅನ್ನುವ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ.

ಹಾಗಿದ್ದರೆ ಮಕ್ಕಳು ಅಲ್ಲಿಗೆ ಬಂದಿದ್ದು ಹೇಗೆ? ಬಲ್ಗೇರಿಯಾದಲ್ಲಿ ಅದಕ್ಕೊಂದು ರೂಢಿ ಇತ್ತು. ಅಂಗವಿಕಲ ಮಗು ಹುಟ್ಟಿದರೆ ಆಸ್ಪತ್ರೆಯಲ್ಲೇ ತಾಯಿಗೆ ಹೇಳುತ್ತಿದ್ದರು: ಇದನ್ನು ನಿಮ್ಮಿಂದ ಸಾಕಲಾಗುವುದಿಲ್ಲ, ಸರ್ಕಾರಕ್ಕೆ ಬಿಡಿ, ಇನ್ನೊಂದು ಮಗು ಮಾಡಿಕೊಳ್ಳಿ. ಆಗಷ್ಟೇ ಹೆತ್ತ ಹೆಂಗಸು. ಎದುರಿಗೆ ಬಿಳಿ ಕೋಟು ಹಾಕಿಕೊಂಡ ಡಾಕ್ಟರು. ಕೈಗೆ ಪೆನ್ನು ಕೊಟ್ಟರೆ ಸಹಿ ಹಾಕುತ್ತಾಳೆ. ಮನೆಗೆ ಕರೆದುಕೊಂಡು ಹೋದವರಿಗೂ ಹತ್ತಿರದಲ್ಲಿ ಥೆರಪಿ ಇಲ್ಲ, ಶಾಲೆ ಇಲ್ಲ, ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವಂತಿಲ್ಲ. ಬಡವರಿಗೆ, ಅದರಲ್ಲೂ ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದವರಿಗೆ, ಈ ದಾರಿ ಇನ್ನೂ ಬೇಗ ನಿಲಯಕ್ಕೆ ತಲುಪಿಸುತ್ತಿತ್ತು.

ಈಗ ಚಿತ್ರದ ಹೆಸರನ್ನು ಮತ್ತೆ ಓದಿ. ಬಿಟ್ಟುಹೋದ ಮಕ್ಕಳು. ಬಿಟ್ಟವರು ಯಾರು? ತಾಯಿ ಅಂತ ತಾನೇ ಮನಸ್ಸಿಗೆ ಬರುವುದು? ಸಹಿ ಹಾಕಿಸಿದ ವ್ಯವಸ್ಥೆ ಆ ಹೆಸರಿನಲ್ಲಿ ಕಾಣುವುದಿಲ್ಲ. ನಿರ್ದೇಶಕಿಯ ಉದ್ದೇಶ ಹಾಗಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ಒಂಬತ್ತು ತಿಂಗಳು ಕ್ಯಾಮೆರಾ ನಿಂತಿದ್ದು ನಿಲಯದ ಒಳಗೆ. ಆ ಸಹಿ ಬಿದ್ದ ಹೆರಿಗೆ ವಾರ್ಡಿನಲ್ಲಿ ಅಲ್ಲ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಬಲ್ಗೇರಿಯಾ 1991ರಲ್ಲೇ ಸೇರಿತ್ತು. ಮಗು ಕುಟುಂಬದ ವಾತಾವರಣದಲ್ಲಿ ಬೆಳೆಯಬೇಕು ಅಂತ ಅದರ ಪೀಠಿಕೆಯಲ್ಲೇ ಇದೆ. ಹೆತ್ತವರು ಸಾಕುವುದು ಮೊದಲು. ಅದು ಆಗದಿದ್ದರೆ ಫಾಸ್ಟರ್ ಕೇರ್, ಅಂದರೆ ಇನ್ನೊಂದು ಕುಟುಂಬ ಮಗುವನ್ನು ತಮ್ಮ ಮನೆಯಲ್ಲಿಟ್ಟು ಸಾಕುವುದು, ಅಥವಾ ದತ್ತು. ಅಗತ್ಯ ಬಿದ್ದರೆ ಮಾತ್ರ ನಿಲಯ. ಹಾಗಾಗಿ ಕುಟುಂಬದ ಹಕ್ಕು ಅಂದರೆ ಒಳ್ಳೆಯ ನಿಲಯದ ಹಕ್ಕಲ್ಲ. ಚಿತ್ರ ನೋಡಿ ಕಣ್ಣೀರಿಟ್ಟವರಲ್ಲಿ ಬಹಳ ಮಂದಿ ಕೇಳಿದ್ದು ಮಾತ್ರ ಒಳ್ಳೆಯ ನಿಲಯವನ್ನೇ.

ಇದಕ್ಕೊಂದು ಹಳೆಯ ಪಾಠ ಪಕ್ಕದ ರೊಮೇನಿಯಾದಲ್ಲೇ ಇತ್ತು. 1990ರಲ್ಲಿ ಅಲ್ಲಿನ ಅನಾಥಾಲಯಗಳ ದೃಶ್ಯಗಳು ಅಮೆರಿಕದ ಟಿವಿಯಲ್ಲಿ ಬಂದವು. ಕಬ್ಬಿಣದ ಮಂಚಗಳ ಸಾಲು, ತಲೆ ಬೋಳಿಸಿದ ಮಕ್ಕಳು. ಹೊರಗಿನವರು ಸಾಲುಗಟ್ಟಿ ಬಂದರು. 1991ರ ಜುಲೈ ಹೊತ್ತಿಗೆ 10,000ಕ್ಕೂ ಹೆಚ್ಚು ಮಕ್ಕಳು ವಿದೇಶಕ್ಕೆ ದತ್ತು ಹೋಗಿದ್ದರು. ಬೇಡಿಕೆ ಹುಟ್ಟಿದ ಕೂಡಲೇ ದಲ್ಲಾಳಿಗಳೂ ಹುಟ್ಟಿದರು. ಅನಾಥಾಲಯ ಬಿಟ್ಟು ನೇರವಾಗಿ ಬಡವರ ಮನೆಗಳಿಂದಲೇ ಮಕ್ಕಳನ್ನು ಕೊಡಿಸುವ ವ್ಯಾಪಾರ ಶುರುವಾಯಿತು. ಸರ್ಕಾರ ತಾತ್ಕಾಲಿಕವಾಗಿ ದತ್ತು ನಿಲ್ಲಿಸಬೇಕಾಯಿತು. ದೃಶ್ಯಗಳು ಸುಳ್ಳಾಗಿರಲಿಲ್ಲ, ನೋಡಿದವರ ಮನಸ್ಸೂ ಕೆಟ್ಟದ್ದಾಗಿರಲಿಲ್ಲ. ಆದರೆ ಆ ಚಿತ್ರಗಳಲ್ಲಿ ಮಗುವಿನ ಹಿಂದೆ ಒಬ್ಬ ತಾಯಿ ಇದ್ದಾಳೆ ಅನ್ನುವುದು ಕಾಣುತ್ತಿರಲಿಲ್ಲ.

ಅದೇ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಸಂಶೋಧಕರು ಮುಂದೆ ಒಂದು ಅಧ್ಯಯನ ನಡೆಸಿದರು. ನಿಲಯಗಳಲ್ಲಿದ್ದ 136 ಎಳೆಯ ಮಕ್ಕಳು. ಅರ್ಧದಷ್ಟು, ಅಂದರೆ 68 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಫಾಸ್ಟರ್ ಕುಟುಂಬಗಳಿಗೆ ಕಳಿಸಿದರು. ನಾಲ್ಕೂವರೆ ವರ್ಷದ ವಯಸ್ಸಿಗೆ ನಿಲಯದ ಮಕ್ಕಳ ಸರಾಸರಿ ಐಕ್ಯೂ 73. ಕುಟುಂಬಕ್ಕೆ ಹೋದವರದು 81. ಎಂದೂ ನಿಲಯ ನೋಡದ, ಹೆತ್ತವರ ಜೊತೆಗೇ ಬೆಳೆದ ಮಕ್ಕಳದು 109. ಎರಡು ವರ್ಷ ತುಂಬುವುದರೊಳಗೆ ಕುಟುಂಬ ಸಿಕ್ಕವರು ಜಾಸ್ತಿ ಚೇತರಿಸಿಕೊಂಡರು. ಈ ಫಲಿತಾಂಶ ಪ್ರಕಟವಾಗಿದ್ದು 2007ರ ಡಿಸೆಂಬರ್‌ನಲ್ಲಿ. ಮೊಗಿಲಿನೊ ಚಿತ್ರ ಬಂದು ಮೂರು ತಿಂಗಳಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಒಂದು ಮಾತು ಎದ್ದು ಕಾಣುತ್ತಿತ್ತು. ಮಗುವಿಗೆ ಬೇಕಿರುವುದು ತನ್ನನ್ನೇ ನೋಡುವ ಒಂದೋ ಎರಡೋ ಮುಖ. ಅವು ಪಾಳಿ ಮುಗಿಸಿ ಹೊರಟುಹೋಗಬಾರದು.

ಇದರ ಇನ್ನೊಂದು ತುದಿಯನ್ನೂ ಹೇಳಿಬಿಡುತ್ತೇನೆ. 2013ರಲ್ಲಿ ಅಮೆರಿಕದ ಒಂದು ಗುಂಪು ಅಂತರರಾಷ್ಟ್ರೀಯ ದತ್ತಿನ ವಿಳಂಬದ ಬಗ್ಗೆ ಸಾಕ್ಷ್ಯಚಿತ್ರ ಮಾಡಿ, ಬಸ್ಸಿನಲ್ಲಿ ಹೊರಟು 78 ದಿನದಲ್ಲಿ 60 ನಗರಗಳಲ್ಲಿ ತೋರಿಸಿತು. ಅಲ್ಲಿ ಕ್ಯಾಮೆರಾ ಕುಟುಂಬದ ಕಡೆಗೇ ತಿರುಗಿತ್ತು, ನಿಜ. ಆದರೆ ಅದು ದತ್ತು ಮಗುವಿಗಾಗಿ ಕಾಯುತ್ತಿರುವ ಕುಟುಂಬ, ವಿಮಾನ ನಿಲ್ದಾಣದ ಈಚೆಗಿನ ಕುಟುಂಬ. ಹೆತ್ತವರು ಅಲ್ಲೂ ಚೌಕಟ್ಟಿನ ಅಂಚಿನಲ್ಲೇ ಉಳಿದರು ಅನ್ನುವ ಟೀಕೆ ಬಂತು. ದತ್ತು ಸುಲಭವಾಗಲಿ ಅಂತ ಆ ವರ್ಷ ಅಮೆರಿಕದ ಸಂಸತ್ತಿನಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲಿಲ್ಲ.

ಹನ್ನೆರಡು ಹಾಸಿಗೆಯ ಮನೆ

ಬಲ್ಗೇರಿಯಾಗೆ ವಾಪಸ್ ಬರೋಣ. ಕಟ್ಟಡದ ಚಿತ್ರ ನೋಡಿದವರು ಇನ್ನೊಂದು ಕಟ್ಟಡ ಕಟ್ಟಿದರು.

ಯೂರೋಪಿನ ಹಣದಲ್ಲಿ ಊರೂರಲ್ಲಿ ಹೊಸ ಮನೆಗಳು ಎದ್ದವು. ಹೆಸರು ‘ಕುಟುಂಬ ಮಾದರಿಯ ವಸತಿ ಕೇಂದ್ರ’. ಒಂದೊಂದರಲ್ಲಿ 12ರಿಂದ 14 ಮಕ್ಕಳು. ಹಳ್ಳಿಯ ಮೂಲೆ ಬಿಟ್ಟು ಪಟ್ಟಣಗಳ ಒಳಗೆ ಕಟ್ಟಿದರು. ಹೊಸ ಮಂಚ, ಅಡುಗೆ ಮನೆ, ಹತ್ತಿರದಲ್ಲಿ ಶಾಲೆ. ಹಿಂದಿನದಕ್ಕೆ ಹೋಲಿಸಿದರೆ ಅಜಗಜಾಂತರ. ಒಂದು ದಶಕ ಮುಗಿಯುವುದರೊಳಗೆ ಹಳೆಯ ನಿಲಯಗಳಲ್ಲಿದ್ದ ಮಕ್ಕಳ ಸಂಖ್ಯೆ 7,587ರಿಂದ ಸಾವಿರದೊಳಕ್ಕೆ ಇಳಿಯಿತು. ಫಾಸ್ಟರ್ ಕೇರ್ ಅನ್ನುವುದು 2000ರ ಸುಮಾರಿಗೆ ಅಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಹದಿನೈದು ವರ್ಷದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳು ಅಂಥ ಕುಟುಂಬಗಳಲ್ಲಿ ಬೆಳೆಯುತ್ತಿದ್ದರು. ಇದನ್ನು ಸಣ್ಣದು ಅನ್ನುವಂತಿಲ್ಲ.

ಆದರೆ ಆ ಕುಟುಂಬಗಳಿಗೆ ಹೋದವರಲ್ಲಿ ಅಂಗವಿಕಲ ಮಕ್ಕಳು ಕಡಿಮೆ. ಯಾರ ದೃಶ್ಯ ನೋಡಿ ಯೂರೋಪ್ ಬೆಚ್ಚಿತೋ ಆ ಮಕ್ಕಳಿಗೆ ಸಿಕ್ಕಿದ್ದು ಹೊಸ ಕೇಂದ್ರ. 2019ರಲ್ಲಿ ಡಿಸೆಬಿಲಿಟಿ ರೈಟ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಈ ಕೇಂದ್ರಗಳನ್ನು ನೋಡಿ ವರದಿ ಬರೆಯಿತು. ದೊಡ್ಡ ನಿಲಯ ಒಡೆದು ಸಣ್ಣ ನಿಲಯ ಮಾಡಿದ್ದೀರಿ ಅನ್ನುವುದು ಅದರ ತಿರುಳು. ಅಲ್ಲೂ ದಿನವಿಡೀ ಸುಮ್ನೆ ಕೂತ ಮಕ್ಕಳು, ಅಲ್ಲೂ ಪಾಳಿ ಮೇಲೆ ಬರುವ ಸಿಬ್ಬಂದಿ.

ಮತ್ತೆ ಚಮಚದ ಲೆಕ್ಕ ಹಾಕಿ ನೋಡಿ. ಹನ್ನೆರಡು ಮಕ್ಕಳು, ಪಾಳಿಗೆ ಇಬ್ಬರು ಅಂತ ಇಟ್ಟುಕೊಳ್ಳಿ. ತಲಾ ಆರು ಮಕ್ಕಳು. ಅರ್ಧ ಗಂಟೆಯಂತೆ ಒಂದು ಹೊತ್ತಿಗೆ ಮೂರು ಗಂಟೆ. ಐದಕ್ಕಿಂತ ಮೂರು ವಾಸಿ, ಅಲ್ವಾ? ಹೌದು. ಆದರೂ ಮನೆಯಲ್ಲಿ ಯಾರೂ ಆರು ಮಕ್ಕಳಿಗೆ ಹೀಗೆ ಉಣಿಸುವುದಿಲ್ಲ.

ಇದಕ್ಕೆ ಚಿತ್ರ ಮಾಡಿದವರನ್ನು ದೂರುವುದು ನ್ಯಾಯವಲ್ಲ. ಯೋಜನೆ ಬರೆದವರು ಅಧಿಕಾರಿಗಳು. ಕಟ್ಟಡ ಕಟ್ಟುವುದು ಅವರಿಗೆ ಸುಲಭ. ಟೆಂಡರ್ ಕರೆಯಬಹುದು, ಗಡುವು ಹಾಕಬಹುದು, ರಿಬ್ಬನ್ ಕತ್ತರಿಸಬಹುದು. ತಾಯಿಯ ಮನೆಗೆ ವಾರಕ್ಕೆ ಮೂರು ಸಲ ಥೆರಪಿಸ್ಟ್ ಕಳಿಸಿದರೆ ಫೋಟೊ ಬರುವುದಿಲ್ಲ. ಸಿನಿಮಾಗೂ ಇದೇ ಕಷ್ಟ. ನಿಲಯದೊಳಗಿನ ಮೌನ ಪರದೆಯನ್ನು ತುಂಬುತ್ತದೆ. ಮಗು ಮನೆಯಲ್ಲೇ ಉಳಿದ ಕಥೆಯಲ್ಲಿ ಏನೂ ಆಗುವುದೇ ಇಲ್ಲ. ತಾಯಿ ಉಣಿಸುತ್ತಾಳೆ, ಮಗು ಉಣ್ಣುತ್ತದೆ. ಅಷ್ಟನ್ನೇ ಒಂದೂವರೆ ಗಂಟೆ ನೋಡುವಂತೆ ಮಾಡಲು ಬೇರೆಯದೇ ಕಸುಬು ಬೇಕು.

ಒಪ್ಪಿಗೆ

ಮುಖ ತೋರಿಸಿದ್ದು ಸರಿಯೇ ಅನ್ನುವ ಪ್ರಶ್ನೆಯೂ ಇದೆ. ಆ ಮಕ್ಕಳು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕಾಗದದ ಮೇಲೆ ಅವರ ಹೊಣೆ ಹೊತ್ತವರು ನಿಲಯದವರೇ. ಮುಖ ಮಸುಕು ಮಾಡಿದ್ದರೆ ಆ ಹುಡುಗಿ ಕಳೆದುಹೋಗುವುದು ಯಾರಿಗೂ ಕಾಣುತ್ತಿರಲಿಲ್ಲ. ಮಾಡದಿದ್ದರೆ ಅವಳ ಬದುಕಿನ ಅತಿ ಕೆಟ್ಟ ದಿನಗಳು ಇಂಟರ್ನೆಟ್‌ನಲ್ಲಿ ಸದಾ ಇರುತ್ತವೆ. ನನಗೆ ಇದಕ್ಕೆ ಸಲೀಸು ಉತ್ತರ ಸಿಕ್ಕಿಲ್ಲ. ಎರಡು ವರ್ಷ ಬಿಟ್ಟು ನಿರ್ದೇಶಕಿ ಅದೇ ಮಕ್ಕಳನ್ನು ಹುಡುಕಿ ವಾಪಸ್ ಹೋದರು ಅನ್ನುವುದನ್ನು ಮಾತ್ರ ಅವರ ಪರವಾಗಿ ಹೇಳಬಹುದು. ಬಹಳ ಜನ ಹೋಗುವುದಿಲ್ಲ.

ಟೆಂಟಿನ ಬೇಸಿಗೆ

ಕ್ಯಾಮೆರಾದಾಚೆ ಉಳಿದ ಅಮ್ಮಂದಿರು ಕೊನೆಗೆ ತಾವೇ ಎದುರಿಗೆ ಬಂದರು. ಇವರು ಮೊಗಿಲಿನೊ ಮಕ್ಕಳ ತಾಯಂದಿರಲ್ಲ. ಮಗುವನ್ನು ಬಿಟ್ಟುಕೊಡದೆ ಮನೆಯಲ್ಲೇ ಇಟ್ಟುಕೊಂಡು ಸಾಕಿದವರು. 2018ರ ಬೇಸಿಗೆಯಲ್ಲಿ ಸೋಫಿಯಾದ ಸಂಸತ್ತಿನ ಎದುರು ಟೆಂಟ್ ಹಾಕಿ ಕೂತರು. ‘ವ್ಯವಸ್ಥೆ ನಮ್ಮನ್ನು ಕೊಲ್ಲುತ್ತಿದೆ’ ಅನ್ನುವುದೇ ಆ ಹೋರಾಟದ ಹೆಸರು. ಗಾಲಿಕುರ್ಚಿಗಳಲ್ಲಿ ಮಕ್ಕಳೂ ಜೊತೆಗಿದ್ದರು. ತಿಂಗಳುಗಟ್ಟಲೆ ನಡೆಯಿತು.

ಉಪ ಪ್ರಧಾನಿ ವಲೇರಿ ಸಿಮೆಯೊನೊವ್ ಆ ತಾಯಂದಿರನ್ನು ಕಿರುಚುವ ಹೆಂಗಸರು ಎಂಬರ್ಥದಲ್ಲಿ ಹೀಯಾಳಿಸಿದರು. ಅವರ ಮಕ್ಕಳ ಕಾಯಿಲೆಯ ಬಗ್ಗೆಯೇ ಅನುಮಾನದ ಮಾತಾಡಿದರು. ಜನ ಬೀದಿಗಿಳಿದರು. ನವೆಂಬರ್‌ನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಡಿಸೆಂಬರ್‌ನಲ್ಲಿ ಸಂಸತ್ತು ವೈಯಕ್ತಿಕ ನೆರವಿನ ಕಾಯ್ದೆಯನ್ನು ಅಂಗೀಕರಿಸಿತು. ಅಂಗವಿಕಲ ವ್ಯಕ್ತಿಗೆ ದಿನನಿತ್ಯದ ನೆರವಿಗೆ ಸಹಾಯಕರು, ಅವರಿಗೆ ಸರ್ಕಾರದಿಂದ ಸಂಬಳ. ಆ ಸಹಾಯಕರು ಮನೆಯವರೇ ಆಗಿರಬಹುದು. ತಾಯಿಯೂ ಆಗಬಹುದು.

ಮೊಗಿಲಿನೊದಲ್ಲಿ ಯಾರ ಬಳಿಯೂ ಇಲ್ಲದ ಆ ಅರ್ಧ ಗಂಟೆ, ನೆಟ್ಟಗೆ ಕೂರಿಸಿ, ತಲೆಗೆ ಕೈ ಕೊಟ್ಟು, ನುಂಗಿತಾ ಅಂತ ನೋಡಿ ಇನ್ನೊಂದು ತುತ್ತು ಇಡುವ ಅರ್ಧ ಗಂಟೆ, ಈಗ ಒಬ್ಬ ತಾಯಿಯ ಅಡುಗೆ ಮನೆಯಲ್ಲಿ ಸಂಬಳದ ಗಂಟೆಗಳ ಲೆಕ್ಕಕ್ಕೆ ಸೇರುತ್ತದೆ.